ಹೆಸರು ಕೆರೆದ ರೆಕಾರ್ಡು

ರೆಬೋಲೊ, ಬಾರಂಕಿಯಾ
9 ಫೆಬ್ರವರಿ 1998

ಪ್ರೀತಿಯ ತಂಗಿ ವೇವಾಗೆ,

ನಿನ್ನ ಅಕ್ಕನ ಆಶೀರ್ವಾದ. ಕ್ರಿಸ್‌ಮಸ್‌ಗೆ ಮೆಕ್ಸಿಕೋದಿಂದ ನೀನು ಬರೆದದ್ದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಅಮ್ಮ ಹೋದ ಮೇಲೆ ಅಪ್ಪನ ಜೊತೆ ಇರಲು ಬಂದೆನಲ್ಲ, ಈ ಮನೆ ನನ್ನನ್ನು ಹಿಂಡಿ ಹಿಪ್ಪೆ ಮಾಡಿದೆ.

ಮೊದಲು ಸುದ್ದಿ ಹೇಳುತ್ತೇನೆ. ಕಾರ್ನಿವಲ್ ಬಂತೆಂದು ಭಾನುವಾರ ರೇಡಿಯೋದಲ್ಲಿ ನಿನ್ನದೇ ದರ್ಬಾರು. ಮೊದಲ ಸ್ಥಾನಕ್ಕೇರಿದ ನಿನ್ನ ಏಳೂ ಹಾಡುಗಳನ್ನು ಸಾಲಾಗಿ ಹಾಕಿದರು. ನಾನು ರೇಡಿಯೋವನ್ನು, ಬೀದಿ ಕುಣಿತಗಳಿಗೆ ಬಾಡಿಗೆಗೆ ಹೋಗುವ ಅಪ್ಪನ ಪಿಕೋದ ದೊಡ್ಡ ಸ್ಪೀಕರ್ ಪೆಟ್ಟಿಗೆಗಳಿಗೇ ಜೋಡಿಸಿದೆ. 'ಉಪ್ಪಿನ ಗಾಳಿ' ಬಂದಾಗ ಎದುರುಮನೆ ಎಮೆರಿತಾ ಕರಿಯುತ್ತಿದ್ದ ಮೀನು ಬಿಟ್ಟು ಬೀದಿಗೆ ಬಂದು ಕುಣಿದಳು.

"ಮೀನು ಸೀದ್ರೆ ಸೀಯ್ಲಿ ಕಣೆ, ನನ್ನ ಗಂಡ ಬಲೆಗೆ ಬಿದ್ದಿದ್ದೇ ಈ ಹಾಡಿಗೆ!"

"ಬಿದ್ದೋನು ಇನ್ನೂ ಎದ್ದಿಲ್ಲ," ಎಂದು ಅವನು ಒಳಗಿನಿಂದಲೇ ಕೂಗಿದ.

'ಎರಡನೇ ಕುರ್ಚಿ' ಬಂದಾಗ ಮಾತ್ರ ಯಾರೂ ಕುಣಿಯಲಿಲ್ಲ. ನಿನ್ನ ಮದುವೆ ಮುರಿದ ವರ್ಷದ ಹಾಡು ಅದೆಂದು ಇಲ್ಲಿ ಎಲ್ಲರಿಗೂ ಗೊತ್ತು. ನಾನು ಒಳಗೆ ಹೋಗಿ ಅತ್ತೆ.

ಈಗ ನಿನ್ನ ಕಾಗದದ ವಿಷಯ. "ನನ್ನ ಮೊದಲ ರೆಕಾರ್ಡಿನ ಮೇಲಿದ್ದ ಹೆಸರನ್ನು ಬ್ಲೇಡಿನಿಂದ ಕೆರೆದು ಹಾಕಿದವರ ಮನೆಗೆ ನಾನೇಕೆ ಬರಲಿ? ಇಷ್ಟು ಹಾಡು ಗೆದ್ದವು, ಒಂದರ ಬಗ್ಗೆಯಾದರೂ ಅಪ್ಪ ಬಾಯಿ ಬಿಟ್ಟರೇ? ಫೋನ್ ಮಾಡಿದರೆ ಒಂದು ದಿನವೂ ಬಂದು ಮಾತಾಡಲಿಲ್ಲ," ಎಂದು ಬರೆದಿದ್ದೀಯ.

ಪಿಕೋದವರ ಮಗಳು ಆಡುವ ಮಾತೇ ಇದು? ಕೆರೆಯದೆ ಬಿಟ್ಟರೆ ಪಕ್ಕದ ಬೀದಿಯ ಪಿಕೋದವನು ಹೆಸರು ಓದಿಕೊಂಡು ಹೋಗಿ ಅದೇ ರೆಕಾರ್ಡು ತಂದು ಜನರನ್ನು ಎಳೆದುಕೊಳ್ಳುತ್ತಾನೆ. ಕಸದಂಥ ಹಾಡಿಗೆ ಯಾರೂ ಬ್ಲೇಡು ಹಿಡಿಯುವುದಿಲ್ಲ. ನಿನ್ನೆ ಆ ರೆಕಾರ್ಡನ್ನು ಒರೆಸುತ್ತಾ ಅಪ್ಪ ತಾವಾಗಿಯೇ ಅಂದರು: "ಇದನ್ನ ಯಾರ್ಗೂ ಬಿಟ್ಕೊಡಬಾರ್ದು ಅಂತಿದ್ದೆ. ಊರೇ ಕಿತ್ಕೊಂಡು ಹೋಯ್ತು."

ಈ ಕಾರ್ನಿವಲ್ ಮುಗಿದ ಮೇಲೆ ಪಿಕೋ ಮಾರುತ್ತಾರಂತೆ. ಅವರಿಗೂ ಕೈಲಾಗುತ್ತಿಲ್ಲ. ಕಾರ್ನಿವಲ್ ಶುರುವಾಗುವ ಶನಿವಾರದೊಳಗೆ ಬಂದುಬಿಡು ತಾಯಿ, ಹಟ ಸಾಕು. ಕಾರ್ಮೆಲ್ ಮಾತೆ ನಿನ್ನನ್ನೂ ನಿನ್ನ ಕಂಠವನ್ನೂ ಕಾಯಲಿ.

ನಿನ್ನ ಅಕ್ಕ,
ಡಾಮಾರಿಸ್

ತಾ.ಕ.: ಬರೆಯಬಾರದೆಂದಿದ್ದೆ, ಮನಸ್ಸು ತಡೆಯಲಿಲ್ಲ. ಎದುರು ನಿಂತರೆ ಅಪ್ಪ ತುಟಿ ನೋಡಿ ಉತ್ತರ ಕೊಡುತ್ತಾರೆ. ಬೆನ್ನ ಹಿಂದಿನಿಂದ ಕರೆದಾಗ ತಿರುಗದಿದ್ದರೆ ಮೊಂಡುತನ ಅಂದುಕೊಂಡಿದ್ದೆ. ಭಾನುವಾರ ಅವರು ಪೆಟ್ಟಿಗೆಗೆ ಅಂಗೈ ಒತ್ತಿಕೊಂಡು, ಎಮೆರಿತಾಳ ಕಾಲನ್ನೇ ನೋಡುತ್ತಾ ಕೂತಿದ್ದರು. ಆಗ ನನಗೆ ಅನುಮಾನ ಬಂತು. ಕೇಳಿದೆ.

"ನಿನ್ನ ತಂಗಿ ಮನೆ ಬಿಟ್ಟ ವರ್ಷಾನೇ ಕಿವಿ ಪೂರ್ತಿ ಹೋಯ್ತು ಕಣೆ. ಕಿವುಡನ ಪಿಕೋನ ಯಾರು ಕರೀತಾರೆ? ನಿಮ್ಮಮ್ಮಂಗೊಬ್ಳಿಗೇ ಗೊತ್ತಿತ್ತು," ಅಂದರು.

ಅವರು ಕಿವಿಯಾರೆ ಕೇಳಿದ್ದು ಆ ಮೊದಲನೆಯದೊಂದೇ, ವೇವಾ. ಆಮೇಲೆ ನನ್ನ ತುಟಿಯನ್ನೇ ನೋಡುತ್ತಾ ಕೇಳಿದರು: "ಮಿಕ್ಕಿದ್ದೆಲ್ಲ ಹೆಂಗೆ ಹಾಡವಳೆ?"