ಕನ್ನಡಕದ ಮೈಕು

ಮಾರ್ಚ್ 2, ಸೋಮವಾರ

ಬೆಳಿಗ್ಗೆಯಿಂದ ಹನ್ನೊಂದು ಜೊತೆ ಕನ್ನಡಕದ ಗಾಜು ಉಜ್ಜಿದೆ. ಒಂದು ಒಡೆಯಿತು. ಅಂಗಡಿ ಯಜಮಾನರು ನೋಡಲಿಲ್ಲ, ಪುಣ್ಯ.

ಮಧ್ಯಾಹ್ನ ತಂಗಿ ಅಂಗಡಿಗೇ ಬಂದಳು. ಗಂಟಲಿನ ಡಾಕ್ಟರ ಹತ್ತಿರ ಹೋಗಿದ್ದಳಂತೆ. ದನಿ ಹೊರಡುವ ಜಾಗದಲ್ಲಿ ಒಂದು ಗಂಟು. ಕೆಟ್ಟದ್ದಲ್ಲ, ಆದರೆ ತೆಗೆಯಲೇಬೇಕು. 26ಕ್ಕೆ ಆಪರೇಷನ್. ತೆಗೆದ ಮೇಲೆ ದನಿ ಹೀಗೇ ಇರುತ್ತದೆ ಅಂತ ಡಾಕ್ಟರು ಮಾತು ಕೊಡಲಿಲ್ಲವಂತೆ. ಇನ್ನೂ ಚೆನ್ನಾಗಬಹುದು, ತೆಳುವಾಗಬಹುದು, ಬೇರೆ ಯಾರದೋ ದನಿಯಂತೆಯೂ ಆಗಬಹುದು.

"ಅಷ್ಟರೊಳಗೆ ಮೂರು ಪ್ರೋಗ್ರಾಂ ಇದೆ. ಡಾಕ್ಟರು ಗೊಣಗಿಕೊಂಡೇ ಹೂಂ ಅಂದಿದ್ದಾರೆ" ಎಂದಳು. ಆಮೇಲೆ ನನ್ನ ಮುಖ ನೋಡದೆ, "ಅಕ್ಕ, ನನ್ನ ದನೀನ ಒಂದ್ಸಲ ಸರಿಯಾಗಿ ಹಿಡಿದಿಡು. ಹನ್ನೆರಡು ವರ್ಷ ಹಾಡಿದ್ದೀನಿ. ಇರೋದೆಲ್ಲ ಫೋನಲ್ಲಿ ಹಿಡಿದಿದ್ದು. ಒಂದರಲ್ಲೂ ನಾನಿಲ್ಲ, ಬರೀ ಗದ್ದಲ."

ಅವಳ ಬ್ಯಾಂಡ್ ಅಂದರೆ ಗದ್ದಲವೇ. ಡ್ರಮ್ಮು, ಎರಡು ಗಿಟಾರು, ಗೋಡೆಯೆತ್ತರದ ಸ್ಪೀಕರು. ಅದೆಲ್ಲದರ ಮೇಲೆ ಇವಳು. ಸೌಂಡಿನವರ ಬೋರ್ಡಿನಿಂದಲೇ ತಂತಿ ಎಳೆದರಾಗದೇ ಅಂದೆ.

"ಹಂಗೆ ಹಿಡಿದ್ರೆ ಬಚ್ಚಲಮನೇಲಿ ಒಬ್ಬಳೇ ಹಾಡ್ಕೊಂಡಂಗಿರುತ್ತೆ. ಜನದ ಮಧ್ಯೆ ನಿಂತು ಕೇಳಿದ ಹಾಗೆ ಬೇಕು."

ನನಗೆ ರೇಡಿಯೊದ ಸ್ಟೇಷನ್ ಬದಲಿಸುವುದೂ ನೆಟ್ಟಗೆ ಬರುವುದಿಲ್ಲ. ಆದರೂ ಹೂಂ ಅಂದೆ. ಅಕ್ಕನಾಗಿ ಹುಟ್ಟಿದ ತಪ್ಪಿಗೆ!

ಮಾರ್ಚ್ 5, ಗುರುವಾರ

ಪಕ್ಕದ ಬೀದಿಯ ರಿಪೇರಿ ತಾತ ಅಂಗೈಯಷ್ಟಗಲದ ರೆಕಾರ್ಡರ್ ಕೊಟ್ಟರು. ಕಡಲೆಕಾಳಿನಷ್ಟು ಚಿಕ್ಕ ಎರಡು ಮೈಕು ಕೂಡ. ಸ್ಟ್ಯಾಂಡಿಗೆ ಹಾಕುವ ಹಾಗಿಲ್ಲ, ಜನ ಕುಣಿಯುತ್ತಾರೆ, ಒದ್ದು ಬೀಳಿಸುತ್ತಾರೆ. ಮತ್ತೆಲ್ಲಿಡಲಿ ಅಂದರೆ, "ಎರಡು ಕಿವಿ ಇರೋ ಕಡೆ ಇಡಮ್ಮ, ಅದಕ್ಕೇನು ಶಾಸ್ತ್ರ ನೋಡಬೇಕಾ?"

ತಕ್ಷಣ ಹೊಳೆಯಿತು. ಅಂಗಡಿಯಲ್ಲಿ ಯಾರೂ ಕೊಳ್ಳದ ಒಂದು ದಪ್ಪ ಕಪ್ಪು ಫ್ರೇಮು ಬಿದ್ದಿತ್ತು. ನನ್ನ ಪವರಿನ ಗಾಜು ಹಾಕಿದೆ. ಎರಡೂ ಕಡ್ಡಿಗೆ ತೂತು ಕೊರೆದು, ಕಿವಿಯ ಹತ್ತಿರ ಒಂದೊಂದು ಮೈಕು ಕೂರಿಸಿದೆ. ತಂತಿ ಕತ್ತಿನ ಹಿಂದಿನಿಂದ ಇಳಿದು ಸೊಂಟದ ಚೀಲಕ್ಕೆ. ಇಪ್ಪತ್ತೆರಡು ವರ್ಷದ ಸ್ಕ್ರೂಡ್ರೈವರ್ ವಿದ್ಯೆ ಒಂದು ದಿನಕ್ಕಾದರೂ ಕೆಲಸಕ್ಕೆ ಬಂತು.

ರಾತ್ರಿ ಮನೆಯಲ್ಲಿ ಇವರು ನೋಡಿ, "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೇ" ಅಂದರು. ನಿಮ್ಮ ಮೂಗಿನ ಮೇಲೇನೂ ಕೂರಿಸಿಲ್ಲವಲ್ಲ ಅಂದೆ.

ಮಾರ್ಚ್ 8, ಭಾನುವಾರ

ಹಾಳಾಯಿತು. ಪೂರ್ತಿ.

ಮನೆಯಲ್ಲಿ ಪರೀಕ್ಷೆ ಮಾಡಿಯೇ ಹೋಗಿದ್ದೆ. ನಲ್ಲಿ ತೊಟ್ಟಿಕ್ಕುವುದು, ಇವರ ಗೊರಕೆ, ಎಲ್ಲ ಸ್ವಚ್ಛವಾಗಿ ಬಂದಿತ್ತು. ನಿನ್ನೆ ಹಾಲ್‌ನಲ್ಲಿ ಮೊದಲ ಡ್ರಮ್ಮಿನ ಏಟಿಗೇ ಕೆಂಪು ದೀಪ ಹತ್ತಿತು, ಆರಲೇ ಇಲ್ಲ. ವಾಲ್ಯೂಮ್ ತಿರುಗಿಸಿ ತಿರುಗಿಸಿ ಒಂದಕ್ಕೆ ತಂದೆ. ಆದರೂ ಬರ್‌ರ್‌ರ್ ಅನ್ನುವುದು ಬಿಟ್ಟು ಏನೂ ಇಲ್ಲ.

ತಂಗಿ ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. "ಅಕ್ಕ, ಇದು ನಾನಾ, ಜಲ್ಲಿ ಮಿಷನ್ನಾ?"

ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಮೂರರಲ್ಲಿ ಒಂದು ಹೋಯಿತು.

ಮಾರ್ಚ್ 10, ಮಂಗಳವಾರ

ತಾತನ ಹತ್ತಿರ ಜಗಳಕ್ಕೇ ಹೋದೆ.

"ನೀನು ತಿರುಗಿಸಿದ್ದು ಒಳಬಾಗಿಲಮ್ಮ. ದನಿ ಹೊರಬಾಗಿಲಲ್ಲೇ ತಲೆ ಒಡ್ಕೊಂಡಿದೆ" ಅಂದರು. ರೆಕಾರ್ಡರಿನ ಮೈಕಿನ ತೂತು ಪಿಸುಮಾತು ಹಿಡಿಯುವುದಕ್ಕಂತೆ. ಒಳಗೆ ಬಂದ ದನಿಯನ್ನು ಮೊದಲು ದೊಡ್ಡದು ಮಾಡುತ್ತದೆ, ಆಮೇಲೆ ವಾಲ್ಯೂಮಿನ ಮಾತು. ಮೊದಲೇ ದೊಡ್ಡದಿರುವುದನ್ನು ಇನ್ನೂ ದೊಡ್ಡದು ಮಾಡಿದರೆ ಸಿಡಿಯದೆ ಇನ್ನೇನು? ಬೆಂಕಿಪೊಟ್ಟಣದಂಥ ಬ್ಯಾಟರಿ ಡಬ್ಬಿ ಮಾಡಿಕೊಟ್ಟರು. ಮೈಕಿಗೆ ಬೇಕಾದ ಕರೆಂಟು ಅದರಿಂದ. ತಂತಿ ಇನ್ನು ಪಕ್ಕದ ಲೈನ್ ತೂತಿಗೆ, ಅದು ದನಿಯನ್ನು ದೊಡ್ಡದು ಮಾಡುವುದಿಲ್ಲ.

"ಮೊದಲೇ ಹೇಳಬಾರದಿತ್ತಾ ತಾತ?"

"ನೀನು ಹೇಳಿದ್ಯಾ ಇಷ್ಟು ಗದ್ದಲ ಅಂತ? ಯಾರೋ ಭಾಷಣ ಮಾಡ್ತಾರೆ ಅನ್ಕೊಂಡಿದ್ದೆ."

ಇನ್ನೊಂದು ಮಾತು ಹೇಳಿದರು. ರಿಹರ್ಸಲ್‌ನಲ್ಲಿ ರೆಕಾರ್ಡರಿನ ಮೀಟರಿನ ಮುಳ್ಳು ಅರ್ಧಕ್ಕೆ ನಿಂತರೆ ಸಾಕು, ಜನ ತುಂಬಿದ ಮೇಲೆ ಎಲ್ಲರೂ ಜೋರಾಗಿಯೇ ಬಾರಿಸುತ್ತಾರೆ. ಈಗ ಸರಿ. ಬೈಯಲು ಹೋದವಳು ಕೈಮುಗಿದು ಬಂದೆ.

ಮಾರ್ಚ್ 15, ಭಾನುವಾರ

ಸಿಕ್ಕಿತು! ನಿನ್ನೆಯ ಪ್ರೋಗ್ರಾಮಿನಲ್ಲಿ ಡ್ರಮ್ಮು ಎಡಕ್ಕೆ, ಗಿಟಾರು ಬಲಕ್ಕೆ, ನಡುವೆ ತಂಗಿ. ಅವಳು ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ಅಡುಗೆಮನೆಯಲ್ಲಿ ನಿಂತಲ್ಲೇ ಕುಣಿದೆ.

ನಾಲ್ಕು ನಿಮಿಷ. ಆಮೇಲೆ ಖರ್... ಖರ್... ಪಟ್. ಮತ್ತೆ ಸ್ವಲ್ಪ ಹೊತ್ತಿಗೆ ಖರ್. ಒಂದು ಗಂಟೆಯಲ್ಲಿ ಹದಿನಾಲ್ಕು ಸಲ. ತಂತಿ ಸಡಿಲವಾಗಿದೆ ಅಂತ ಎಲ್ಲ ಬಿಚ್ಚಿ ನೋಡಿದೆ. ಗಟ್ಟಿಯಾಗಿತ್ತು.

ಇವರು ನನ್ನನ್ನೇ ನೋಡುತ್ತಾ ಕೂತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿನ್ನ ಕೈ ನೋಡ್ಕೊಳೇ."

ನೋಡಿಕೊಂಡೆ. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದೆ. ಅಂಗಡಿಯ ಅಭ್ಯಾಸ. ಗಾಜಿನ ಮೇಲೆ ಒಂದು ಮಸುಕು ಕಂಡರೆ ಕೈ ತಾನಾಗಿ ಹೋಗುತ್ತದೆ, ನನಗೆ ಗೊತ್ತೇ ಆಗುವುದಿಲ್ಲ. ನಿನ್ನೆಯೂ ಅದೇ ಮಾಡಿದ್ದೇನೆ. ಅವಳ ಒಳ್ಳೆಯ ಹಾಡಿನ ಮೇಲಿನ ಸ್ವರದಲ್ಲಿ ಮೈಕನ್ನು ಉಜ್ಜಿ ಉಜ್ಜಿ ಒರೆಸಿದ್ದೇನೆ, ಮುಂಡೇದು! ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಗಾಜು ತೆಗೆದು ಬರೀ ಫ್ರೇಮು ಹಾಕಿಕೋ ಅಂದರು ಇವರು. ಆಗ ಅವಳು ಕಾಣುವುದಿಲ್ಲ. ಈ ದನಿಯಲ್ಲಿ ಅವಳು ಹಾಡುವುದನ್ನು ಕೊನೆಯ ಸಲ ಕಣ್ಣಾರೆ ನೋಡಬೇಡವೇ ನಾನು? ಗಾಜು ಇರಲಿ. ಕೈಯನ್ನೇ ಪಳಗಿಸುತ್ತೇನೆ.

ಮಾರ್ಚ್ 18, ಬುಧವಾರ

ತರಬೇತಿ ನಡೆದಿದೆ. ಕೈ ಮುಖದ ಹತ್ತಿರ ಹೋದರೆ ಇವರು ಚಮಚದಿಂದ ಗೆಣ್ಣಿಗೆ ಹೊಡೆಯುತ್ತಾರೆ. ಮದುವೆಯಾಗಿ ಹತ್ತೊಂಬತ್ತು ವರ್ಷದ ಸೇಡು ತೀರಿಸಿಕೊಳ್ಳುತ್ತಿದ್ದಾರೆ.

ತಂಗಿಯ ಫೋನು. ದನಿ ಇವತ್ತು ಒರಟು. "ಶನಿವಾರ ನೀನು ಅಳಬಾರದು, ಅಷ್ಟೇ" ಎಂದಳು. ನಾನ್ಯಾಕೆ ಅಳಲಿ ಅಂದೆ.

ಮಾರ್ಚ್ 22, ಭಾನುವಾರ

ನಿನ್ನೆ ಸಂಜೆ ಐದಕ್ಕೇ ಶುರು. ನಾನು ಹಾಲ್‌ನ ನಡುಮಧ್ಯೆ, ಎರಡೂ ಕೈ ಕುರ್ತಾದ ಜೇಬಿನಲ್ಲಿ. ಪಕ್ಕದಲ್ಲಿ ಇವರು, ಪೊಲೀಸರ ಹಾಗೆ ನನ್ನ ಮಣಿಕಟ್ಟು ಹಿಡಿದುಕೊಂಡು. ಸುತ್ತ ಎಲ್ಲರೂ ಕುಣಿಯುತ್ತಿದ್ದಾರೆ, ನಾನು ದೀಪದ ಕಂಬ.

ಮೂರನೆಯ ಹಾಡಿಗೆ ಕಣ್ಣು ತುಂಬಿತು. ಗಾಜು ಮಂಜಾಯಿತು. ಒರೆಸುವ ಹಾಗಿಲ್ಲ. ಮೂಗು ಸೋರಿತು. ಎಳೆದುಕೊಳ್ಳುವ ಹಾಗೂ ಇಲ್ಲ, ಮೈಕಿಗೆ ಕೇಳುತ್ತದೆ! ಇವರೇ ಕರ್ಚೀಫು ತೆಗೆದು, ಮಗುವಿಗೆ ಒರೆಸುವ ಹಾಗೆ ಸದ್ದಿಲ್ಲದೆ ಮೂಗು ಒರೆಸಿದರು. ಪಕ್ಕದ ಹುಡುಗಿಯರು ನೋಡಿ ನಕ್ಕರು. ನಗಲಿ.

ಕೊನೆಗೆ ನೋಡಿದ್ದೇನು? ಕೆಂಪು, ನೀಲಿ, ನಡುವೆ ಒಂದು ಬಿಳಿ ಚುಕ್ಕೆ. ಆ ಚುಕ್ಕೆ ನನ್ನ ತಂಗಿ. ಗಾಜು ಇದ್ದೂ ಕಾಣಲಿಲ್ಲ, ಕೇಳಿದೆ ಅಷ್ಟೇ. ಉದ್ದ ಸ್ವರದ ತುದಿಯಲ್ಲಿ ಅವಳ ದನಿ ಸಣ್ಣಗೆ ಒಡೆಯುತ್ತದಲ್ಲ, ಅದನ್ನು ಡಾಕ್ಟರು ಗಂಟು ಅನ್ನುತ್ತಾರೆ. ಹನ್ನೆರಡು ವರ್ಷದಿಂದ ಅದನ್ನೇ ಇವಳ ಗುರುತು ಅಂದುಕೊಂಡಿದ್ದೇವೆ ನಾವು.

ಇವತ್ತು ಬೆಳಿಗ್ಗೆ ಪೂರ್ತಿ ಕೇಳಿದೆ. ಒಂದು ಗಂಟೆ ಹತ್ತು ನಿಮಿಷ. ಒಂದೂ ಖರ್ ಇಲ್ಲ.

ಮಾರ್ಚ್ 26, ಗುರುವಾರ

ಆಯಿತು. ನಲವತ್ತು ನಿಮಿಷ. ಎರಡು ವಾರ ಒಂದು ಮಾತೂ ಆಡಬಾರದು, ಪಿಸುಗುಟ್ಟಲೂಬಾರದು. ನಮ್ಮ ಮನೆಗೇ ಕರೆತಂದೆವು.

ಏಪ್ರಿಲ್ 1, ಬುಧವಾರ

ಸ್ಲೇಟಿನಲ್ಲೇ ಸಂಸಾರ. "ಟೀಗೆ ಸಕ್ಕರೆ ಕಮ್ಮಿ." "ಭಾವ ಗೊರಕೆ." "ಫ್ಯಾನು ಜಾಸ್ತಿ." ಮಾತು ಬೆಳ್ಳಿ, ಮೌನ ಬಂಗಾರ ಅಂದವರು ಇವಳ ಕೈಗೆ ಬಳಪ ಸಿಕ್ಕಿದ್ದನ್ನು ನೋಡಿಲ್ಲ.

ನಿನ್ನೆ ನಾನೂ ಸ್ಲೇಟು ತೆಗೆದುಕೊಂಡು ಉತ್ತರ ಬರೆದೆ. ಅವಳು ಕಣ್ಣರಳಿಸಿ ಕೆಳಗೆ ಬರೆದಳು: "ಗಂಟಲು ಹೋಗಿರೋದು ನಂದು. ನಿಂಗೇನಾಗಿದೆ?"

ರೆಕಾರ್ಡಿಂಗ್ ಮಾತ್ರ ಕೇಳುವುದಿಲ್ಲ. ಹೆಡ್‌ಫೋನ್ ಕೊಟ್ಟರೆ ತಳ್ಳಿಬಿಟ್ಟಳು. ಯಾಕೆ ಅಂದೆ. ಹಳೆಯದನ್ನು ಒರೆಸಿ ಬರೆದಳು: "ಮೊದಲು ಹೊಸದು ಕೇಳ್ತೀನಿ. ಹಳೇದು ಮೊದಲು ಕೇಳಿದ್ರೆ ಹೊಸದು ಪಾಪ."

ನಾನು ಎದ್ದು ಪಾತ್ರೆ ತೊಳೆಯಲು ಹೋದೆ.

ಏಪ್ರಿಲ್ 9, ಗುರುವಾರ, ಬೆಳಿಗ್ಗೆ 11

ಡಾಕ್ಟರು ಇವತ್ತು ಮಾತಾಡಬಹುದು ಅಂದರು. ಮೆತ್ತಗೆ, ಐದಾರು ಮಾತು. ಇಲ್ಲಿ ಬೇಡ, ಮನೆಗೆ ಹೋದ ಮೇಲೆ ಅಂತ ತಂಗಿ ಬರೆದಳು. ದಾರಿಯುದ್ದಕ್ಕೂ ತುಟಿ ಬಿಗಿದುಕೊಂಡೇ ಬಂದಳು. ಈಗ ರೂಮಿನ ಬಾಗಿಲು ಹಾಕಿಕೊಂಡಿದ್ದಾಳೆ. ಇವರು ಹೊರಗೆ ಅತ್ತಿಂದಿತ್ತ. ನಾನು ಅಡುಗೆಮನೆಯಲ್ಲಿ. ಕೈ ಸುಮ್ಮನಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಐದು ನಿಮಿಷವಾಯಿತು. ಇನ್ನೂ ಏನಿಲ್ಲ. ನಾನೇ ಹೋಗಿ ಬಾಗಿಲು ತಟ್ಟಲೇ? ಬೇಡ. ಅವಳ ದನಿ, ಅವಳಿಷ್ಟ.

"ಅಕ್ಕಾ."

ಅಯ್ಯೋ, ಯಾರದಪ್ಪಾ ಈ ದನಿ? ನಯವಾಗಿದೆ. ಆ ಒಡಕು ಇಲ್ಲ. ಗುರುತೇ ಸಿಗುತ್ತಿಲ್ಲ ನನಗೆ... ಆದರೆ ಕೊನೆಗೆ ಎಳೆದದ್ದು, ಏನೋ ಬೇಕಾದಾಗ ಎಳೆಯುವ ಆ ರಾಗ...

ಮತ್ತೆ ಕರೆಯುತ್ತಿದ್ದಾಳೆ. ಈ ಸಲ ಜೋರಾಗಿ, ಸಿಟ್ಟಿನಿಂದ. ಮೆತ್ತಗೆ ಅಂದಿಲ್ಲವೇನೇ ಡಾಕ್ಟ್ರು! ಬಂದೆ ಕಣೇ, ಬಂ