ಹಳೆ ತೊಟ್ಟಿಯ ಹೆಪ್ಪು

ಶುಕ್ರವಾರ, ಅಕ್ಟೋಬರ್ 17

ಎಷ್ಟು ತೊಳೆದರೂ ಕೈಯಿಂದ ಆ ಬಿಸಿ ಹೋಗುತ್ತಿಲ್ಲ.

ಕೆ.ಆರ್. ಪುರದ ನಮ್ಮ ಲ್ಯಾಬಿನಲ್ಲಿ ಅದಿರಿನಿಂದ ಕೋಬಾಲ್ಟ್ ತೆಗೆಯಲು ಕುಲುಮೆ ಉರಿಸುವುದಿಲ್ಲ. ಅದಿರಿನ ಪುಡಿಯನ್ನು ಹುಳಿನೀರಿನಲ್ಲಿ ನೆನೆಸಿ ಬ್ಯಾಕ್ಟೀರಿಯಾ ಬಿಡುತ್ತಾರೆ. ಮೈಬಿಸಿಯಷ್ಟು ಕಾವಿನಲ್ಲೇ ಅವು ಕಲ್ಲು ತಿಂದು ಲೋಹವನ್ನು ನೀರಿಗೆ ಬಿಟ್ಟುಕೊಡುತ್ತವೆ. ಮೊಸರಿನ ಹಾಗೆ, ಹಳೆ ತೊಟ್ಟಿಯ ಹೆಪ್ಪಿನಿಂದಲೇ ಹೊಸ ತೊಟ್ಟಿ. ಈಗಿನ ತೊಟ್ಟಿಗೆ ಹೆಪ್ಪು ಹಾಕಿದವರು ಇಲ್ಲೇ ಕೆಲಸಕ್ಕಿದ್ದ ನನ್ನ ಯಜಮಾನರು. ಅವರು ತೀರಿಕೊಂಡ ಮೇಲೆ ಆ ಕೆಲಸ ನನಗೆ ಬಂತು.

ಸಂಜೆ ತಾಹೇರಾ ಮೇಡಂ ಖಾಲಿ ಕ್ಯಾನ್ ತಂದುಕೊಟ್ಟರು. "ಸುಬ್ಬಲಕ್ಷ್ಮಿಯವ್ರೇ, ನಾಳೆ ಈ ತೊಟ್ಟಿಗೆ ಸುಣ್ಣ ಸುರಿದು ಖಾಲಿ ಮಾಡ್ಬೇಕು. ಹೊಸದಕ್ಕೆ ಹೆಪ್ಪು ಈಗ್ಲೇ ತೆಗೆದಿಡಿ."

"ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರ್ದು ಮೇಡಂ."

"ಅಯ್ಯೋ, ಇದ್ರಲ್ಲಿ ಯಾರ್ರೀ ಮಜ್ಜಿಗೆಹುಳಿ ಮಾಡ್ತಾರೆ? ಸರಿ, ಬೆಳಿಗ್ಗೆ ತೆಗೀರಿ, ಮರೀಬೇಡಿ" ಎಂದು ನಗುತ್ತಾ ಹೋದರು.

ಹೊರಡುವ ಮುಂಚೆ ತೊಟ್ಟಿಯನ್ನು ಮುಟ್ಟಿದೆ. ಬೆಳಿಗ್ಗೆಯಿಂದ ಕರೆಂಟಿರಲಿಲ್ಲ, ಹೀಟರ್ ಆರಿತ್ತು. ಒಳಗೆ ಬ್ಯಾಕ್ಟೀರಿಯಾ ತಿಂದು ಕಾವು ಹುಟ್ಟಿಸಲು ಅದಿರೂ ಉಳಿದಿರಲಿಲ್ಲ. ಆದರೂ ಅಂಗೈ ಇಟ್ಟ ಜಾಗ ಬೆಚ್ಚಗಿತ್ತು, ಆಸ್ಪತ್ರೆಯಲ್ಲಿ ಯಜಮಾನರ ಹಣೆ ಇದ್ದಷ್ಟೇ. ಪಕ್ಕದಲ್ಲಿ ಮುಟ್ಟಿದರೆ ಬರೀ ತಣ್ಣನೆಯ ಉಕ್ಕು. ನಾನು ಕೈ ತೆಗೆದೆ. ಒಳಗಿನಿಂದಲೂ ಯಾರೋ ಕೈ ತೆಗೆದ ಹಾಗೆ ಆ ಜಾಗವೂ ತಕ್ಷಣ ತಣ್ಣಗಾಯಿತು.

ಸುಣ್ಣ ಬಿದ್ದರೆ ಹುಳಿ ಮುರಿದು ಬ್ಯಾಕ್ಟೀರಿಯಾ ಸಾಯುತ್ತವೆ; ಹೆಪ್ಪು ತೆಗೆಯದೆ ಸುರಿದರೆ ಅವರು ಹಾಕಿದ್ದು ಅಲ್ಲಿಗೆ ಮುಗಿಯುತ್ತದೆ. ಕೊನೆಯ ದಿನ ಅವರು ನನ್ನ ಕೈ ಬಿಡಿಸಿಕೊಂಡು, "ಸಾಕು, ಇನ್ನು ಬಿಟ್ಬಿಡೇ" ಅಂದಿದ್ದರು.

ಬೆಳಿಗ್ಗೆ ಮೊದಲು ಕ್ಯಾನ್ ತುಂಬಿಸುತ್ತೇನೆ. ಅವರಿಗೆ ಬೇಡವಾಗಿದ್ದರೂ ತುಂಬಿಸುತ್ತೇನೆ.