ಬಾಲ ಕಳೆದುಕೊಂಡ ಹಂದಿ ಇನ್ನೂ ಗದ್ದೆಗೆ ಬರುತ್ತಿದೆ

ಬೆಳೆ ರಕ್ಷಣೆಯ ಸಹಾಯಧನ ಹಂಚುವ ಮಾನ್ಯ ಅಧಿಕಾರಿಗಳೇ,

ನನ್ನ ತಮ್ಮ ಅಚ್ಚುತನ ಬಲಗಾಲನ್ನು ಸೀಳಿದ ಕಾಡುಹಂದಿಗೆ ತಮ್ಮ ಕಚೇರಿಯ ಸುತ್ತೋಲೆ ಸಹಾಯ ಮಾಡಿದೆ ಎಂದು ಊರೆಲ್ಲ ಕೇಳುವಂತೆ ಆಪಾದಿಸುತ್ತೇನೆ.

ಕೋವಿಗೆ ಲೈಸನ್ಸು ಇರುವ ರೈತನಿಗೆ ಸರಕಾರ ಅರ್ಧ ಕ್ರಯಕ್ಕೆ ತೋಟೆ ಕೊಡುತ್ತದೆ, ಹೊಡೆದ ಹಂದಿಯೊಂದಕ್ಕೆ ಐದು ರೂಪಾಯಿ ಸಹಾಯಧನವನ್ನೂ ಕೊಡುತ್ತದೆ. ದೊಡ್ಡ ಮನಸ್ಸು. ಆದರೆ ಹಾರಿಸಿದ ಒಂದೊಂದು ತೋಟೆಗೂ ಒಂದೊಂದು ಬಾಲವನ್ನು ಮೂರು ದಿನದೊಳಗೆ ಪುತ್ತೂರಿನ ಕಚೇರಿಗೆ ಒಪ್ಪಿಸಬೇಕು. ಬಾಲ ಕಡಿಮೆಯಾದರೆ ಮುಂದಿನ ತೋಟೆ ಇಲ್ಲ. ಈ ನಿಯಮ ಬರೆದ ಮಹಾನುಭಾವರು ಹಂದಿಯನ್ನು ಎಲ್ಲಿ ನೋಡಿದ್ದರು? ಯಕ್ಷಗಾನದ ಆಟದ ಬಣ್ಣದ ವೇಷದಂತೆ ಅದು ಒಂದೇ ಪೆಟ್ಟಿಗೆ ಬಿದ್ದು, ತೆರೆ ಹಿಡಿಯುವ ತನಕ ಅಲ್ಲಾಡದೆ ಮಲಗುತ್ತದೆ ಎಂದುಕೊಂಡರೋ?

ಕಳೆದ ತಿಂಗಳು ಗುತ್ತಿಗಾರಿನಲ್ಲಿ, ಅಚ್ಚುತನ ಗದ್ದೆಯ ಬದುವಿನ ಮೇಲೆ, ನನ್ನ ಜೋಡು ನಳಿಗೆಯ ಕೋವಿಯ ಮೊದಲ ತೋಟೆಗೆ ಹಂದಿ ಉರುಳಿತು. ಎರಡನೆಯ ನಳಿಗೆ ತುಂಬಿಯೇ ಇತ್ತು.

“ಅಣ್ಣ, ಅದರ ಹೊಟ್ಟೆ ಆಡ್ತಾ ಉಂಟು. ಇನ್ನೊಂದು ಬಿಡಿ,” ಎಂದ ಅಚ್ಚುತ.

“ಒಂದು ಬಾಲಕ್ಕೆ ಎರಡು ತೋಟೆಯಾ ಮಾರಾಯ? ಆಫೀಸಿನಲ್ಲಿ ಎಂತ ಹೇಳುದು? ಹೋಗಿ ಬಾಲ ಕಡಿ.”

“ನಿಮಗೆ ಹಂದಿಗಿಂತ ಗುಮಾಸ್ತರ ಹೆದರಿಕೆಯೇ ಜಾಸ್ತಿ,” ಎಂದು ನಕ್ಕು, ಕತ್ತಿ ಹಿಡಿದು ಹೋದ.

ಬಾಲ ಕಡಿದ. ಹಂದಿ ಎದ್ದಿತು. ಕೋರೆ ಮೊಣಕಾಲಿನ ಬಳಿ ಹೊಕ್ಕು ತೊಡೆಯ ಬುಡದವರೆಗೆ ಹರಿಯಿತು. ಬಿಳಿ ಎಲುಬು ಕಂಡಿತು, ಮರುಕ್ಷಣ ರಕ್ತದಲ್ಲಿ ಮುಳುಗಿತು. ಮನುಷ್ಯನೂ ಹಂದಿಯೂ ಒಂದೇ ಕೆಸರಿನ ಮುದ್ದೆಯಾಗಿ ಹೊರಳುವಾಗ ನಾನು ಯಾರಿಗೆ ಗುರಿಯಿಡಲಿ? ಹಂದಿ ಕಾಡಿಗೆ ನುಗ್ಗಿತು. ಜೀಪಿನಲ್ಲಿ ಆಸ್ಪತ್ರೆಗೆ ಒಯ್ಯುವಾಗಲೂ ಅಚ್ಚುತನ ಮುಷ್ಟಿಯಲ್ಲಿ ಬಾಲವಿತ್ತು. ಆ ಬೆರಳುಗಳನ್ನು ಬಿಡಿಸಲು ಇಬ್ಬರು ಬೇಕಾಯಿತು. ಕಾಲನ್ನು ಕತ್ತರಿಸಿ ತೆಗೆದರು.

ಐದನೆಯ ದಿನ ಆ ಬಾಲವನ್ನು ತಂದು ತಮ್ಮ ಮೇಜಿನ ಮೇಲಿಟ್ಟೆ. ತಾವು ಮೂಗಿಗೆ ವಸ್ತ್ರ ಹಿಡಿದು, “ಅವಧಿ ಮೀರಿದೆ, ತೆಗೆದುಕೊಂಡು ಹೋಗಿ” ಎಂದಿರಿ. ಅಲ್ಲಿಗೆ ನನ್ನ ತೋಟೆ ನಿಂತಿತು.

ಈಗ ಅಚ್ಚುತನ ಗದ್ದೆ ಕದಿರು ಬಿಟ್ಟಿದೆ. ವರ್ಷದ ಅಕ್ಕಿ ಅಷ್ಟೇ. ಅದೇ ಬಾಲವಿಲ್ಲದ ಹಂದಿ ದಿನಾ ಸಂಜೆ ಬಂದು ಅದನ್ನು ಉತ್ತು ಹೋಗುತ್ತಿದೆ. ಡಬ್ಬ ಬಡಿದು ಬಡಿದು ಸೋತ ಅವನ ಹೆಂಡತಿ ಕುಮುದಿನಿ ಮೊನ್ನೆ ಕೇಳಿದಳು: “ಭಾವ, ಊರಿನಲ್ಲಿ ನಾಲ್ಕು ಕೋವಿ ಉಂಟಲ್ಲ. ಆ ಹಂದಿಗೆ ಮಾತ್ರ ಯಾರೂ ಯಾಕೆ ಗುಂಡು ಬಿಡುದಿಲ್ಲ?”

ಏನು ಹೇಳಲಿ, ಸ್ವಾಮಿ? ಬಾಲವಿಲ್ಲದ ಹಂದಿಗೆ ಹಾರಿಸಿದರೆ ಮುಂದಿನ ತೋಟೆ ಸಿಗುವುದಿಲ್ಲ ಎಂದೇ? ಇಡೀ ತಾಲೂಕಿನಲ್ಲಿ ತಮ್ಮ ಕಚೇರಿಯ ಪೂರ್ಣ ರಕ್ಷಣೆ ಪಡೆದ ಜೀವ ಅದೊಂದೇ.

ಬಾಲದ ನಿಯಮವನ್ನು ರದ್ದು ಮಾಡಿ. ಪಟೇಲರು ಕಣ್ಣಾರೆ ಕಂಡು ಬರೆದುಕೊಟ್ಟರೆ ಸಾಕೆಂದು ಆಜ್ಞೆ ಹೊರಡಿಸಿ. ಕೊಯ್ಲಿಗೆ ಮೊದಲು ನಮಗೆ ತೋಟೆ ಕೊಡಿ. ಅಂದು ಉಳಿಸಿದ ಎರಡನೆಯ ತೋಟೆ ಇನ್ನೂ ನನ್ನ ಬಳಿ ಉಂಟು. ಬರುವ ಶನಿವಾರ ಸಂಜೆ ಅದನ್ನು ಆ ಹಂದಿಯ ಕಿವಿಯೊಳಗೆ ಹಾರಿಸುತ್ತೇನೆ. ಆಮೇಲೂ ತಮಗೆ ಬಾಲವೇ ಬೇಕಿದ್ದರೆ, ತಾವು ತಿರಸ್ಕರಿಸಿದ್ದು ಅಚ್ಚುತನ ಮನೆಯ ಮಾಡಿನ ಸೂರಿನಲ್ಲಿ ಒಣಗುತ್ತಿದೆ. ತಾವೇ ಬಂದು, ಅವನ ಎದುರು ನಿಂತು, ಅವನ ಕೈಯಿಂದ ತೆಗೆದುಕೊಳ್ಳಿ.

ಇಂತಿ,
ಒಂದು ತೋಟೆ ಉಳಿಸಿ ತಮ್ಮನ ಕಾಲು ಕಳೆದ
ಗುತ್ತಿಗಾರಿನ ತೀರ್ಥರಾಮ
೧೦-೧೦-೧೯೬೧